ರೆವ್ಸ್ ಏರುತ್ತದೆ, ಕಾರು ಎಳೆಯುವುದಿಲ್ಲ: ಸಿಮ್ ರೇಸಿಂಗ್‌ನಲ್ಲಿ ಗೇರ್ ದೋಷ ಹುಡುಕುವ ಬಗೆ

ಸಿಮ್ ರೇಸಿಂಗ್ ಅಂದರೆ ಕಂಪ್ಯೂಟರ್‌ನಲ್ಲಿ ಓಡಿಸುವ ಕಾರ್ ರೇಸ್. ಅಲ್ಲಿ ತಿರುವಿನಿಂದ ಹೊರಬರುವಾಗ ಮುಂದಿನ ಕಾರು ಹತ್ತಿರವೇ ಇರುತ್ತದೆ. ಸ್ಟ್ರೇಟ್ ಮುಗಿಯುವಷ್ಟರಲ್ಲಿ ಅದು ಎರಡು ಕಾರಿನ ಉದ್ದದಷ್ಟು ಮುಂದೆ ಹೋಗಿರುತ್ತದೆ. ಕಾರು ಅದೇ ಮಾಡೆಲ್, ಸೆಟಪ್ ಅದೇ, ಟ್ಯಾಂಕಿನಲ್ಲಿರುವ ಇಂಧನವೂ ಹೆಚ್ಚುಕಮ್ಮಿ ಅಷ್ಟೇ. ಆಗ ನಾವು ಮೊದಲು ಕೈ ಹಾಕುವುದು ವಿಂಗ್‌ಗೆ, ಇಲ್ಲವೇ ಟೈರ್ ಪ್ರೆಶರ್‌ಗೆ. ನಾನೂ ಎಷ್ಟೋ ದಿನ ಅದನ್ನೇ ಮಾಡಿದೆ.

ಕೊನೆಗೆ ಟೆಲಿಮೆಟ್ರಿ, ಅಂದರೆ ಓಟದುದ್ದಕ್ಕೂ ದಾಖಲಾದ ಕಾರಿನ ಅಂಕಿಗಳ ಗ್ರಾಫ್ ತೆರೆದು ನೋಡಿದರೆ ವಿಷಯ ಬೇರೆಯೇ ಇತ್ತು. ಎರಡನೇ ಗೇರ್‌ನಲ್ಲಿ ರೆವ್ಸ್ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನೋದು, ಆರ್‌ಪಿಎಂ) ಗೆರೆ ನೆತ್ತಿಗೆ ಹೋಗಿ ಗರಗಸದ ಹಲ್ಲಿನಂತೆ ಆಗಿತ್ತು. ಪ್ರತಿ ನಿಧಾನ ತಿರುವಿನ ನಂತರವೂ ಎಂಜಿನ್ ಲಿಮಿಟರ್‌ಗೆ, ಅಂದರೆ ರೆವ್ಸ್ ಮಿತಿ ದಾಟದಂತೆ ತಡೆಯುವ ವ್ಯವಸ್ಥೆಗೆ ಬಡಿಯುತ್ತಿತ್ತು. ಆ ಸದ್ದಿಗೆ ಹೆದರಿ ನಾನು ಮೇಲಿನ ಗೇರ್‌ಗಳಲ್ಲಿ ಬೇಕಾದ್ದಕ್ಕಿಂತ ಮೊದಲೇ ಗೇರ್ ಏರಿಸುತ್ತಿದ್ದೆ. ಕೆಳಗಿನ ಗೇರ್‌ನಲ್ಲಿ ತಡ, ಮೇಲಿನ ಗೇರ್‌ನಲ್ಲಿ ಅವಸರ. ಒಂದೇ ಕೈಯ ಎರಡು ವಿರುದ್ಧ ತಪ್ಪುಗಳು.

ಹಾಗಾಗಿ ಈ ಬರಹದಲ್ಲಿ ನಾನು ಹೇಳಬೇಕಾದ್ದು ಮುಖ್ಯವಾಗಿ ಒಂದೇ. ಗೇರ್ ಬದಲಿಸುವಾಗ ರೆವ್ಸ್ ಎಲ್ಲಿತ್ತು ಅನ್ನೋದಷ್ಟೇ ನೋಡಬೇಡಿ. ಬದಲಿಸಿದ ಮೇಲೆ ಅದು ಎಲ್ಲಿಗೆ ಇಳಿಯಿತು ಅನ್ನೋದನ್ನೂ ನೋಡಿ. ಅರ್ಧಕ್ಕಿಂತ ಜಾಸ್ತಿ ದೋಷಗಳು ಅಲ್ಲೇ ಸಿಗುತ್ತವೆ. ಉಳಿದವು ಕಾಲಿನ ಪೆಡಲ್‌ನಲ್ಲೋ, ಸ್ಟಿಯರಿಂಗ್ ಹಿಂದೆ ಬೆರಳಿನಿಂದ ಎಳೆದು ಗೇರ್ ಬದಲಿಸುವ ಪ್ಯಾಡಲ್‌ನಲ್ಲೋ ಇರುತ್ತವೆ. ಅವನ್ನು ಮೊದಲು ಮುಗಿಸಿಕೊಳ್ಳೋಣ. ಯಂತ್ರವೇ ಸುಳ್ಳು ಹೇಳುತ್ತಿದ್ದರೆ ಯಾವ ಲೆಕ್ಕವೂ ಕೂಡಿ ಬರುವುದಿಲ್ಲ.

ಮೊದಲು ಪೆಡಲ್ ನೋಡಿ

ರೆವ್ಸ್ ಸರಸರ ಏರುತ್ತದೆ, ಆದರೆ ವೇಗ ಅದಕ್ಕೆ ತಕ್ಕಂತೆ ಏರುವುದಿಲ್ಲ. ಹಿಂದಿನ ಚಕ್ರಗಳು ಜಾರುತ್ತಿಲ್ಲ ಅನ್ನೋದೂ ಖಚಿತ. ಹಾಗಿದ್ದರೆ ಕ್ಲಚ್ ಮೇಲೆ ಅನುಮಾನಪಡಿ. ಕಾಲು ತೆಗೆದ ಮೇಲೂ ಕ್ಲಚ್ ಪೂರ್ತಿ ಸೊನ್ನೆಗೆ ಬರದಿದ್ದರೆ ಸಿಮ್ ಅದನ್ನು ಸ್ವಲ್ಪ ಒತ್ತಿದ ಕ್ಲಚ್ ಎಂದೇ ಓದುತ್ತದೆ. ನನಗೆ ಇದು ಆಗಿತ್ತು. ಪರದೆಯ ಮೂಲೆಯಲ್ಲಿ ಮೂರು ಪೆಡಲ್‌ಗಳ ಪಟ್ಟಿ ತೋರಿಸುವ ಓವರ್‌ಲೇ ಹಾಕಿಕೊಂಡಿದ್ದೆ. ಹಸಿರು ಪಟ್ಟಿ ಮೇಲೆ ಕೆಳಗೆ ಹೋಗುತ್ತಿತ್ತು, ಕೆಂಪೂ ಹಾಗೇ. ಕ್ಲಚ್‌ನ ನೀಲಿ ಪಟ್ಟಿಯ ಬುಡದಲ್ಲಿ ಮಾತ್ರ ಉಗುರಿನಂಚಿನಷ್ಟು ತೆಳ್ಳಗೆ ಒಂದು ಗೆರೆ ಉಳಿದಿತ್ತು. ಮೇಲೆ ಬೆರಳಿಟ್ಟಂತೆ ಅದು ಒಮ್ಮೊಮ್ಮೆ ನಡುಗುತ್ತಿತ್ತು. ಪೆಡಲ್ ಮುಟ್ಟದೆ ಕೂತಿದ್ದರೂ ಶೇಕಡಾ 3 ಕ್ಲಚ್! ಬುಡದಲ್ಲಿ ಶೇಕಡಾ 5ರಷ್ಟು ಡೆಡ್‌ಝೋನ್ (ಒತ್ತಿದರೂ ಸಿಮ್ ಲೆಕ್ಕಕ್ಕೆ ಹಿಡಿಯದ ಪಾಲು) ಕೊಟ್ಟೆ, ಗೆರೆ ಮಾಯವಾಯಿತು.

ಪೊಟೆನ್ಶಿಯೋಮೀಟರ್ ಇರುವ ಪೆಡಲ್‌ಗಳಲ್ಲಿ ಇದು ಸಾಮಾನ್ಯ. ಒಳಗೆ ಒಂದು ಸಂಪರ್ಕದ ತುದಿ ಪಟ್ಟಿಯ ಮೇಲೆ ಉಜ್ಜುತ್ತಾ ಓಡಾಡುತ್ತದೆ. ದೂಳು ಕೂತರೆ, ಪಟ್ಟಿ ಸವೆದರೆ ಓದುವ ಅಂಕಿ ಹಾರುತ್ತದೆ. ಲೋಡ್ ಸೆಲ್ ಅಥವಾ ಹಾಲ್ ಸೆನ್ಸರ್ ಇದ್ದರೆ ಈ ಬಗೆಯ ಸವೆತ ಇರುವುದಿಲ್ಲ. ಆದರೆ ಕ್ಯಾಲಿಬ್ರೇಷನ್ ತಪ್ಪಿದ್ದರೆ ಅವೂ ತಪ್ಪನ್ನೇ ಹೇಳುತ್ತವೆ.

ಥ್ರಾಟಲ್‌ಗೂ ಇದೇ ಪರೀಕ್ಷೆ, ಇನ್ನೊಂದು ತುದಿಯಿಂದ. ಕಾಲನ್ನು ಪೂರ್ತಿ ಒತ್ತಿ, ಶೂ ಇಲ್ಲದೆ ಒಮ್ಮೆ, ಶೂ ಹಾಕಿ ಒಮ್ಮೆ. ಪಟ್ಟಿ 100 ಮುಟ್ಟಬೇಕು. 94ಕ್ಕೇ ನಿಂತರೆ ನೀವು ರೇಸ್ ಪೂರ್ತಿ ಆ 6 ಇಲ್ಲದೆ ಓಡಿಸಿದಂತೆ. ಕ್ಯಾಲಿಬ್ರೇಟ್ ಮಾಡುವಾಗ ಕೈಯಲ್ಲಿ ಒತ್ತಬೇಡಿ, ಸೀಟಿನಲ್ಲಿ ಕೂತು ರೇಸ್‌ನಲ್ಲಿ ಒತ್ತುವ ಹಾಗೆಯೇ ಒತ್ತಿ. ಕೈಯಲ್ಲಿ ಒತ್ತಿದಾಗ ಸಿಗುವ ಕೊನೆಯ ತುದಿ ಕಾಲಿಗೆ ಎಷ್ಟೋ ಸಲ ಸಿಗುವುದೇ ಇಲ್ಲ.

ಪ್ಯಾಡಲ್ ಒಮ್ಮೆ ಎಳೆದರೆ ಎರಡು ಗೇರ್ ಹೋಗುತ್ತದೆ

ಇದರ ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು. ಮೊದಲನೆಯದು, ಒಂದೇ ಕೆಲಸಕ್ಕೆ ಎರಡು ಕಡೆ ಬಟನ್ ಹೊಂದಿಸಿರುವುದು. ಸಿಮ್‌ನ ಒಳಗೆ ಒಮ್ಮೆ, ಹೊರಗಿನ ಇನ್ನೊಂದು ತಂತ್ರಾಂಶದಲ್ಲಿ ಇನ್ನೊಮ್ಮೆ. ಹಿಂದಿನ ಬಟನ್ ಜೋಡಣೆಗಳನ್ನು ಅಳಿಸಿ ಹೊಸದಾಗಿ ಹೊಂದಿಸಿದರೆ ಇದು ಹೋಗುತ್ತದೆ.

ಎರಡನೆಯದು ಪ್ಯಾಡಲ್ ಒಳಗಿನ ಮೈಕ್ರೋಸ್ವಿಚ್. ಹಳೆಯದಾದಂತೆ ಅದರ ಲೋಹದ ತುದಿ ಮುಚ್ಚುವಾಗ ಒಮ್ಮೆ ಪುಟಿಯುತ್ತದೆ. ನಿಮ್ಮ ಬೆರಳು ಎಳೆದದ್ದು ಒಂದು ಸಲ, ಕಂಪ್ಯೂಟರ್‌ಗೆ ಕೇಳಿಸಿದ್ದು ಎರಡು ಸಲ. ವಿಂಡೋಸ್‌ನ ಗೇಮ್ ಕಂಟ್ರೋಲರ್ ಪರದೆ ತೆರೆದು ಪ್ಯಾಡಲ್ ಅನ್ನು ನಿಧಾನವಾಗಿ, ಅರ್ಧಂಬರ್ಧ ಒತ್ತಿ ಹಿಡಿದು ನೋಡಿ. ಬಟನ್‌ನ ದೀಪ ಮಿಣುಕಿದರೆ ಸ್ವಿಚ್ ಕೆಟ್ಟಿದೆ. ವ್ಹೀಲ್‌ನ ತಂತ್ರಾಂಶದಲ್ಲಿ ಡಿಬೌನ್ಸ್ ಸಮಯ (ಒಮ್ಮೆ ಒತ್ತಿದ ಮೇಲೆ ಪುಟಿತವನ್ನು ಲೆಕ್ಕಕ್ಕೆ ಹಿಡಿಯದ ಹೊತ್ತು) ಹೆಚ್ಚಿಸುವ ಅವಕಾಶ ಇದ್ದರೆ ಸದ್ಯಕ್ಕೆ ಸಾಕು. ಮುಂದೆ ಸ್ವಿಚ್ ಬದಲಿಸಲೇಬೇಕು.

ತಡವರಿಸುವ ಸದ್ದೆಲ್ಲ ಲಿಮಿಟರ್ ಅಲ್ಲ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಎಂಜಿನ್ ಬಡಬಡ ಎಂದು ತಡವರಿಸಿದ ಕೂಡಲೇ ಗೇರ್ ಏರಿಸಬೇಡಿ. ರೆವ್ಸ್ ಅಂಕಿ ನೋಡಿ. ಲಿಮಿಟರ್‌ಗಿಂತ ತುಂಬಾ ಕೆಳಗೇ ತಡವರಿಸುತ್ತಿದ್ದರೆ, ಅದೂ ತಿರುವಿನಿಂದ ಹೊರಬರುವಾಗ, ಅದು ಚಕ್ರ ಜಾರದಂತೆ ಟ್ರ್ಯಾಕ್ಷನ್ ಕಂಟ್ರೋಲ್ ಪವರ್ ಕತ್ತರಿಸುವ ಸದ್ದು. ಎಲ್ಲ ಗೇರ್‌ನಲ್ಲೂ ಒಂದೇ ವೇಗಕ್ಕೆ ಕಟ್ಟಿಹಾಕಿದಂತೆ ನಿಂತರೆ ಪಿಟ್ ಲಿಮಿಟರ್ (ಪಿಟ್‌ನಲ್ಲಿ ವೇಗವನ್ನು ಮಿತಿಯಲ್ಲಿಡುವ ವ್ಯವಸ್ಥೆ) ಆನ್ ಆಗಿಯೇ ಉಳಿದಿದೆ.

ಈಗ ಲೆಕ್ಕ: ರೆವ್ಸ್ ಎಲ್ಲಿಗೆ ಇಳಿಯುತ್ತದೆ?

ಇಲ್ಲಿ ಸ್ವಲ್ಪ ಹೊತ್ತು ಕೂರೋಣ. ತುಂಬಾ ಜನ ಎರಡು ತಪ್ಪು ನಂಬಿಕೆಗಳಲ್ಲಿ ಒಂದನ್ನು ಹಿಡಿದುಕೊಂಡಿರುತ್ತಾರೆ. ಒಂದು, ಟಾರ್ಕ್ (ಎಂಜಿನ್‌ನ ತಿರುಗಿಸುವ ಬಲ) ಅತಿ ಹೆಚ್ಚಿರುವ ರೆವ್ಸ್‌ನಲ್ಲಿ ಗೇರ್ ಏರಿಸಬೇಕು. ಇನ್ನೊಂದು, ಕೆಂಪು ಗೆರೆ ಬರುವ ತನಕ ಎಳೆಯಲೇಬೇಕು.

ಮೊದಲನೆಯದು ಯಾಕೆ ತಪ್ಪು ಅಂತ ಒಂದು ನಿಜವಾದ ಕಾರಿನಲ್ಲಿ ನೋಡಿ. ಪೋರ್ಷೆ 911 ಜಿಟಿ3 ಕಪ್, 991.2 ಪೀಳಿಗೆಯದು. 4 ಲೀಟರ್‌ನ ಆರು ಸಿಲಿಂಡರ್ ಎಂಜಿನ್. ಅತಿ ಹೆಚ್ಚು ಟಾರ್ಕ್ 480 ನ್ಯೂಟನ್ ಮೀಟರ್, ಅದು 6,250 ಆರ್‌ಪಿಎಂನಲ್ಲಿ. ಅತಿ ಹೆಚ್ಚು ಪವರ್ 357 ಕಿಲೋವ್ಯಾಟ್, ಅದು 7,500ರಲ್ಲಿ. ಟಾರ್ಕ್ ಅನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. 6,250ರಲ್ಲಿ ಇದು ಸುಮಾರು 314. 7,500ಕ್ಕೆ ಬರುವಾಗ ಟಾರ್ಕ್ ಸುಮಾರು 455ಕ್ಕೆ ಇಳಿದಿರುತ್ತದೆ, ಆದರೂ ಪವರ್ 43 ಕಿಲೋವ್ಯಾಟ್ ಜಾಸ್ತಿ. ಟಾರ್ಕ್‌ನ ತುದಿಯಲ್ಲೇ ಗೇರ್ ಏರಿಸಿದರೆ ಅಷ್ಟನ್ನೂ ಕೈಬಿಟ್ಟು, ಇನ್ನೂ ಕೆಳಗಿನ ರೆವ್ಸ್‌ಗೆ ಬೀಳುತ್ತೀರಿ.

ಎರಡನೆಯ ನಂಬಿಕೆಗೆ ಫಾರ್ಮುಲಾ 1 ಒಳ್ಳೆಯ ಉತ್ತರ. 2014ರಲ್ಲಿ ಬಂದ ವಿ6 ಟರ್ಬೊ ಎಂಜಿನ್‌ಗಳಿಗೆ ನಿಯಮ 15,000 ಆರ್‌ಪಿಎಂ ತನಕ ಬಿಟ್ಟಿತ್ತು. ಆದರೆ ಇಂಧನದ ಹರಿವು ಗಂಟೆಗೆ 100 ಕಿಲೋ ಮೀರುವಂತಿರಲಿಲ್ಲ. 10,500 ಆರ್‌ಪಿಎಂಗೇ ಆ ಮಿತಿ ತಲುಪುತ್ತದೆ. ಅದರಾಚೆ ರೆವ್ಸ್ ಏರಿದರೂ ಸುಡಲು ಇಂಧನ ಜಾಸ್ತಿ ಸಿಗುವುದಿಲ್ಲ, ಒಳಗಿನ ಘರ್ಷಣೆ ಮಾತ್ರ ಹೆಚ್ಚುತ್ತದೆ. ಅದಕ್ಕೇ ಆ ಕಾರುಗಳು 15,000ದ ಹತ್ತಿರವೂ ಹೋಗದೆ ಗೇರ್ ಏರಿಸುತ್ತಿದ್ದವು. ನಿಮ್ಮ ಸಿಮ್‌ನಲ್ಲಿ ಆ ಕಾಲದ ಕಾರು ಇದ್ದರೆ ಮೇಲಕ್ಕೆ ಎಳೆದು ಪ್ರಯೋಜನ ಇಲ್ಲ.

ಹಾಗಾದರೆ ಸರಿಯಾದ ಜಾಗ ಯಾವುದು? ಈಗಿನ ಗೇರ್‌ನಲ್ಲಿರುವ ಪವರ್, ಮುಂದಿನ ಗೇರ್‌ಗೆ ಇಳಿದಾಗ ಸಿಗುವ ಪವರ್‌ಗೆ ಸಮನಾಗುವ ಜಾಗ. ಅದಕ್ಕಿಂತ ಮೊದಲು ಏರಿಸಿದರೆ ಇರುವುದನ್ನು ಬಿಟ್ಟು ಕಡಿಮೆಗೆ ಹೋದಂತೆ. ಅದಕ್ಕಿಂತ ತಡವಾದರೆ ಆಚೆ ಜಾಸ್ತಿ ಸಿಗುವುದನ್ನು ಬಿಟ್ಟು ಇಲ್ಲೇ ಕೂತಂತೆ.

ಲೆಕ್ಕಕ್ಕೆ ಒಂದು ಕಾರು ಅಂದುಕೊಳ್ಳಿ. ಲಿಮಿಟರ್ 7,600. ಪವರ್ ಹೀಗಿದೆ: 5,600ರಲ್ಲಿ 230 ಕಿಲೋವ್ಯಾಟ್, 6,000ದಲ್ಲಿ 245, 6,400ರಲ್ಲಿ 255, 6,800ರಲ್ಲಿ 260, ಆಮೇಲೆ 7,200ರಲ್ಲಿ 254, 7,500ರಲ್ಲಿ 240. ಗೇರ್ ಅನುಪಾತಗಳು ಎರಡನೆಯದು 2.00, ಮೂರನೆಯದು 1.50, ನಾಲ್ಕನೆಯದು 1.20, ಐದನೆಯದು 1.00, ಆರನೆಯದು 0.88.

ಮೂರರಿಂದ ನಾಲ್ಕಕ್ಕೆ ಹೋಗುವಾಗ ರೆವ್ಸ್ 1.20 ಭಾಗಿಸು 1.50, ಅಂದರೆ 0.8 ಪಾಲಿಗೆ ಇಳಿಯುತ್ತದೆ. 7,000ದಲ್ಲಿ ಏರಿಸಿದರೆ 5,600ಕ್ಕೆ ಬೀಳುತ್ತೀರಿ. ಕೈಯಲ್ಲಿದ್ದದ್ದು ಸುಮಾರು 257, ಸಿಕ್ಕಿದ್ದು 230. ನಷ್ಟ! 7,500ರಲ್ಲಿ ಏರಿಸಿದರೆ 6,000ಕ್ಕೆ ಇಳಿಯುತ್ತೀರಿ. ಇದ್ದದ್ದು 240, ಸಿಕ್ಕಿದ್ದು 245. ಕೂದಲೆಳೆಯಷ್ಟು ತಡ. ಹಾಗಾಗಿ ಸರಿಯಾದ ಜಾಗ 7,450ರ ಆಸುಪಾಸು.

ಈಗ ಐದರಿಂದ ಆರಕ್ಕೆ. ಇಲ್ಲಿ ಇಳಿಯುವುದು 0.88 ಪಾಲಿಗೆ ಮಾತ್ರ. 7,200ರಲ್ಲಿ 254 ಇದೆ, 6,336ಕ್ಕೆ ಇಳಿದರೂ ಸುಮಾರು 253 ಸಿಗುತ್ತದೆ. ಇಲ್ಲಿ 7,200 ಸಾಕು. ಎರಡರಿಂದ ಮೂರಕ್ಕೆ ಮಾತ್ರ ದೊಡ್ಡ ಬೀಳು, 0.75. ಅಲ್ಲಿ 7,500ರಲ್ಲಿ ಏರಿಸಿದರೂ 5,625ಕ್ಕೆ ಹೋಗುತ್ತೀರಿ, 231 ಮಾತ್ರ. ಆದ್ದರಿಂದ ಎರಡನೇ ಗೇರ್‌ನಲ್ಲಿ ಲಿಮಿಟರ್‌ನ ಬಾಗಿಲ ತನಕ ಎಳೆಯಬೇಕು. ಒಂದೇ ಕಾರಿನಲ್ಲಿ ಒಂದೊಂದು ಗೇರ್‌ಗೆ ಒಂದೊಂದು ಜಾಗ. ಗೇರ್‌ಗಳ ನಡುವಿನ ಅಂತರ ಕಡಿಮೆಯಾದಂತೆ ಏರಿಸುವ ಜಾಗವೂ ಕೆಳಗೆ ಬರುತ್ತದೆ.

ಪವರ್ ಗ್ರಾಫ್ ಎಲ್ಲಿ ಸಿಗುತ್ತದೆ ಅಂತೀರಾ? ಅಸೆಟ್ಟೊ ಕೋರ್ಸಾ ಎಂಬ ಸಿಮ್‌ನಲ್ಲಿ ಕಾರು ಆರಿಸುವ ಪರದೆಯಲ್ಲೇ ಇದೆ. ಗೇರ್ ಅನುಪಾತ ಗೊತ್ತಿಲ್ಲದಿದ್ದರೂ ತೊಂದರೆ ಇಲ್ಲ. ಒಂದೇ ವೇಗದಲ್ಲಿ ಎರಡು ಗೇರ್‌ಗಳ ರೆವ್ಸ್ ಬರೆದುಕೊಳ್ಳಿ. ಗಂಟೆಗೆ 150 ಕಿಲೋಮೀಟರ್‌ನಲ್ಲಿ ಮೂರನೇ ಗೇರ್ 6,000, ನಾಲ್ಕನೇ ಗೇರ್ 4,800 ತೋರಿಸಿದರೆ ಭಾಗಿಸಿ. 0.8 ಬಂತು ಅಲ್ವಾ? ಅಷ್ಟೇ ಬೇಕಾದ್ದು.

ಗ್ರಾಫ್ ಇಲ್ಲದಿದ್ದರೆ ಜಿ ಗೆರೆ ನೋಡಿ

ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಇದು, ಯಾಕೆಂದರೆ ಇದಕ್ಕೆ ಕಾರಿನ ಯಾವ ಮಾಹಿತಿಯೂ ಬೇಡ. ಟೆಲಿಮೆಟ್ರಿ ರೆಕಾರ್ಡ್ ಮಾಡಿ. ಐರೇಸಿಂಗ್ ಎಂಬ ಸಿಮ್‌ನಲ್ಲಿ ಆಲ್ಟ್ ಜೊತೆ ಎಲ್ ಒತ್ತಿದರೆ ರೆಕಾರ್ಡಿಂಗ್ ಶುರುವಾಗುತ್ತದೆ. ಅಸೆಟ್ಟೊ ಕೋರ್ಸಾ ಕಾಂಪೆಟಿಜಿಯೋನೆಯಲ್ಲಿ ಸೆಟಪ್‌ನ ಎಲೆಕ್ಟ್ರಾನಿಕ್ಸ್ ಪುಟದಲ್ಲಿ ಎಷ್ಟು ಲ್ಯಾಪ್ ಉಳಿಸಬೇಕು ಅಂತ ಹೇಳಿದರೆ ಮೋಟೆಕ್ ಎಂಬ ಟೆಲಿಮೆಟ್ರಿ ತಂತ್ರಾಂಶದಲ್ಲಿ ತೆರೆಯುವಂಥ ಫೈಲ್ ಸಿಗುತ್ತದೆ.

ಅದರಲ್ಲಿ ಮುಂದಕ್ಕೆ ತಳ್ಳುವ ಜಿ ಗೆರೆಯನ್ನು, ಅಂದರೆ ಕಾರಿನ ವೇಗ ಎಷ್ಟು ಜೋರಾಗಿ ಏರುತ್ತಿದೆ ಎಂದು ತೋರಿಸುವ ಗೆರೆಯನ್ನು ರೆವ್ಸ್ ಗೆರೆಯ ಕೆಳಗೆ ಹಾಕಿ. ಗೇರ್ ಬದಲಾಗುವಾಗ ಜಿ ಗೆರೆ ಒಮ್ಮೆ ಗುಂಡಿಗೆ ಬಿದ್ದು ಮೇಲೆ ಬರುತ್ತದೆ. ಆ ಗುಂಡಿಯ ಎಡದಂಡೆಯ ಎತ್ತರವನ್ನೂ ಬಲದಂಡೆಯ ಎತ್ತರವನ್ನೂ ಹೋಲಿಸಿ. ಬಲದಂಡೆ ಎತ್ತರವಾಗಿದ್ದರೆ ನೀವು ತಡ ಮಾಡಿದ್ದೀರಿ, ಮುಂದಿನ ಗೇರ್ ಇನ್ನೂ ಜೋರಾಗಿ ಎಳೆಯುತ್ತಿದೆ. ಬಲದಂಡೆ ಮೆಟ್ಟಿಲಿನಂತೆ ಕೆಳಗಿದ್ದರೆ ಅವಸರ ಮಾಡಿದ್ದೀರಿ. ಎರಡೂ ದಂಡೆ ಸಮ ಇದ್ದರೆ ಜಾಗ ಸರಿಯಾಗಿದೆ. ಎರಡೂ ದಂಡೆಗಳಲ್ಲಿ ಕಾರಿನ ವೇಗ ಹೆಚ್ಚುಕಮ್ಮಿ ಒಂದೇ ಆದ್ದರಿಂದ ಗಾಳಿಯ ತಡೆಯೂ ಒಂದೇ, ಹಾಗಾಗಿ ಹೋಲಿಕೆ ನ್ಯಾಯವಾಗಿರುತ್ತದೆ. ನೇರವಾದ, ಸಮತಟ್ಟಾದ ಜಾಗದ ಗೇರ್ ಬದಲಾವಣೆಗಳನ್ನಷ್ಟೇ ಆರಿಸಿಕೊಳ್ಳಿ. ಏರಿನಲ್ಲಿ, ಇನ್ನೊಂದು ಕಾರಿನ ಹಿಂದೆ, ಚಕ್ರ ಜಾರುವಾಗ ಈ ಗೆರೆ ನಂಬಬೇಡಿ.

ಎರಡನೇ ಗೇರ್‌ನಲ್ಲಿ ಎಡದಂಡೆ ಇನ್ನೂ ಎತ್ತರ ಇದೆ, ಅಷ್ಟರಲ್ಲಿ ಲಿಮಿಟರ್ ಬಂತು ಅನ್ನುವಂತಿದ್ದರೆ ಗಾಬರಿ ಬೇಡ. ಆ ಗೇರ್‌ಗೆ ಲಿಮಿಟರ್‌ನ ಸ್ವಲ್ಪ ಕೆಳಗೇ ಸರಿಯಾದ ಜಾಗ.

ದೀಪ ನೋಡಿದರೂ ಯಾಕೆ ಲಿಮಿಟರ್‌ಗೆ ಬಡಿಯುತ್ತದೆ?

ನನ್ನ ಸಮಸ್ಯೆಯ ಬೇರು ಇಲ್ಲಿತ್ತು. ಗೇರ್ ಏರಿಸಲು ಸೂಚಿಸುವ ಶಿಫ್ಟ್ ದೀಪ 7,200ಕ್ಕೆ ಹೊತ್ತುತ್ತಿತ್ತು. ಕಣ್ಣು ದೀಪ ನೋಡಿ, ಬೆರಳು ಪ್ಯಾಡಲ್ ಎಳೆಯಲು ಸುಮಾರು ಕಾಲು ಸೆಕೆಂಡು ಬೇಕು. ಎರಡನೇ ಗೇರ್‌ನಲ್ಲಿ ರೆವ್ಸ್ ಸೆಕೆಂಡಿಗೆ 2,000ದಷ್ಟು ಏರುತ್ತಿದ್ದರೆ ಆ ಕಾಲು ಸೆಕೆಂಡಿನಲ್ಲಿ 500 ಏರಿಬಿಡುತ್ತದೆ. 7,200ಕ್ಕೆ 500 ಸೇರಿದರೆ 7,700. ಲಿಮಿಟರ್ ಇರುವುದು 7,600ಕ್ಕೆ! ಐದನೇ ಗೇರ್‌ನಲ್ಲಿ ಏರಿಕೆ ಸೆಕೆಂಡಿಗೆ 300 ಮಾತ್ರ, ಹಾಗಾಗಿ ಅದೇ ದೀಪಕ್ಕೆ 7,275ರಲ್ಲಿ ಗೇರ್ ಏರುತ್ತದೆ. ಕೈ ನಿಧಾನ ಅಲ್ಲ, ದೀಪದ ಜಾಗ ತಪ್ಪು.

ಪರಿಹಾರ ಸರಳ. ಬೇಕಾದ ಜಾಗದಿಂದ ಆ ಗೇರ್‌ನ ಕಾಲು ಸೆಕೆಂಡಿನ ಏರಿಕೆಯನ್ನು ಕಳೆಯಿರಿ. ನಮ್ಮ ಲೆಕ್ಕದ ಕಾರಿಗೆ ಎರಡನೇ ಗೇರ್‌ನಲ್ಲಿ ದೀಪ 7,000ಕ್ಕೆ ಹೊತ್ತಬೇಕು, ಐದನೆಯದರಲ್ಲಿ 7,125ಕ್ಕೆ. ಮೂರನೆಯದರಲ್ಲಿ ಏರಿಕೆ ಸೆಕೆಂಡಿಗೆ 1,000 ಇದ್ದರೆ 7,200ಕ್ಕೆ. ಸಿಮ್‌ಹಬ್‌ನಂಥ ತಂತ್ರಾಂಶದಲ್ಲಿ ಕಾರಿನ ರೆಡ್‌ಲೈನ್ (ದೀಪ ಹೊತ್ತುವ ರೆವ್ಸ್) ನೀವೇ ಹೊಂದಿಸಬಹುದು. ಒಂದೇ ಅಂಕಿ ಹಾಕಲು ಮಾತ್ರ ಅವಕಾಶ ಇದ್ದರೆ ಮೇಲಿನ ಗೇರ್‌ಗಳಿಗೆ ಸರಿಹೊಂದುವ ಅಂಕಿ ಹಾಕಿ. ಕೆಳಗಿನ ಗೇರ್‌ಗಳನ್ನು ಕಿವಿಗೆ ಬಿಡಿ. ಸ್ಟ್ರೇಟ್‌ನಲ್ಲಿ ಹೆಚ್ಚು ಹೊತ್ತು ಕಳೆಯುವುದು ಮೇಲಿನ ಗೇರ್‌ಗಳಲ್ಲೇ. ಕೆಳಗಿನ ಗೇರ್‌ಗಳ ಸದ್ದು ಹತ್ತು ಲ್ಯಾಪ್‌ನಲ್ಲಿ ಕಿವಿಗೆ ಕೂರುತ್ತದೆ, ಎಂಜಿನ್ ಸದ್ದನ್ನು ಟೈರ್ ಸದ್ದಿಗಿಂತ ತುಸು ಜೋರಾಗಿ ಇಟ್ಟುಕೊಂಡರೆ ಇನ್ನೂ ಬೇಗ.

ಇನ್ನೊಂದು ಮಾತು. ನಿಧಾನ ತಿರುವಿನಿಂದ ಹೊರಬರುವಾಗ ಹಿಂದಿನ ಚಕ್ರ ಜಾರುತ್ತಿದ್ದರೆ ಮೇಲಿನ ಲೆಕ್ಕ ಬದಿಗಿಡಿ. ನೆಲ ಹಿಡಿಯುವುದಕ್ಕಿಂತ ಜಾಸ್ತಿ ಎಳೆತ ಈಗಾಗಲೇ ಇದೆ. ಅಲ್ಲಿ ಬೇಗ ಗೇರ್ ಏರಿಸುವುದು ತಪ್ಪಲ್ಲ, ಟೈರ್ ಉಳಿಯುತ್ತದೆ, ಕಾರು ನೇರ ಹೋಗುತ್ತದೆ. ಇಂಧನ ಉಳಿಸಬೇಕಾದಾಗಲೂ ಹಾಗೇ.

ಗೇರ್ ಇಳಿಯುವುದೇ ಇಲ್ಲ

ಬ್ರೇಕ್ ಹಾಕುತ್ತಾ ಎಡ ಪ್ಯಾಡಲ್ ಎಳೆಯುತ್ತೀರಿ, ಗೇರ್ ಅಲ್ಲೇ ಇರುತ್ತದೆ. ಪ್ಯಾಡಲ್ ಕೆಟ್ಟಿದೆ ಅನಿಸುತ್ತದೆ. ಮೇಲೆ ಹೇಳಿದ ಸ್ವಿಚ್ ಪರೀಕ್ಷೆ ಪಾಸಾದರೆ ಕಾರಣ ಗೇರ್‌ಬಾಕ್ಸ್‌ನ ರಕ್ಷಣೆ. ಈಗಿನ ಜಿಟಿ3 ಥರದ ರೇಸ್ ಕಾರುಗಳು ರೆವ್ಸ್ ಮಿತಿ ಮೀರುವುದಾದರೆ ಗೇರ್ ಇಳಿಸಲು ಒಪ್ಪುವುದಿಲ್ಲ. ನಮ್ಮ ಕಾರಿನಲ್ಲಿ ನಾಲ್ಕನೇ ಗೇರ್ 6,500ರಲ್ಲಿದ್ದಾಗ ಮೂರಕ್ಕೆ ಇಳಿಸಿದರೆ ಎಂಜಿನ್ 8,125ಕ್ಕೆ ಹೋಗಬೇಕಾಗುತ್ತದೆ. 6,080ಕ್ಕಿಂತ ಕೆಳಗೆ ಬರುವ ತನಕ ಕಾಯಿರಿ. ಮೊದಲು ಬ್ರೇಕ್ ಜೋರಾಗಿ ಬೀಳಲಿ, ಆಮೇಲೆ ಗೇರ್. ಸುಮ್ನೆ ಪ್ಯಾಡಲ್ ಟಕಟಕ ಎಳೆಯುತ್ತಿದ್ದರೆ ತಿರುವಿನ ಹೊತ್ತಿಗೆ ಯಾವ ಗೇರ್‌ನಲ್ಲಿದ್ದೀರಿ ಅನ್ನೋದೇ ತಪ್ಪಿಹೋಗುತ್ತದೆ.

ಹಳೆಯ ಸೀಕ್ವೆನ್ಷಿಯಲ್ (ಗೇರ್‌ಗಳು ಒಂದೊಂದಾಗಿ ಸರದಿಯಲ್ಲೇ ಬದಲಾಗುವ) ಗೇರ್‌ಬಾಕ್ಸ್‌ನ ಕಾರುಗಳಲ್ಲಿ ಗೇರ್ ಏರುವುದೂ ತಡೆಯುತ್ತದೆ. ಗೇರ್ ಏರಿಸುವಾಗ ಎಂಜಿನ್ ಪವರ್ ತಾನೇ ಕ್ಷಣಕಾಲ ಕತ್ತರಿಸುವ ವ್ಯವಸ್ಥೆ ಇಲ್ಲದ ಕಾರಿನಲ್ಲಿ ಗೇರ್ ಹಲ್ಲುಗಳು ಎಳೆತದಲ್ಲಿ ಕಚ್ಚಿಕೊಂಡಿರುತ್ತವೆ. ಥ್ರಾಟಲ್ ಅನ್ನು ಕ್ಷಣಮಾತ್ರ ಬಿಟ್ಟರೆ ಅವು ಸಡಿಲವಾಗಿ ಮುಂದಿನ ಗೇರ್ ಬೀಳುತ್ತದೆ. ಇಳಿಸುವಾಗ ಉಲ್ಟಾ, ಥ್ರಾಟಲ್ ಒಮ್ಮೆ ತಟ್ಟಬೇಕು.

ಎಚ್ ಆಕಾರದ ದಾರಿಯಲ್ಲಿ ಸರಿಸುವ ಗೇರ್ ಲಿವರ್‌ನಲ್ಲಿ ಯಾವ ರಕ್ಷಣೆಯೂ ಇಲ್ಲ. ಐದರಿಂದ ನಾಲ್ಕಕ್ಕೆ ಎಳೆಯುವಾಗ ಕೈ ಜಾಸ್ತಿ ಎಡಕ್ಕೆ ಹೋದರೆ ಸಿಗುವುದು ಎರಡನೇ ಗೇರ್. 6,000 ಇದ್ದ ರೆವ್ಸ್ 12,000ಕ್ಕೆ ಹಾರಬೇಕು, ಎಂಜಿನ್ ಅಲ್ಲಿಗೆ ಮುಗಿಯಿತು. ಪದೇ ಪದೇ ಹೀಗಾದರೆ ಲಿವರ್ ಅನ್ನು ಮುಷ್ಟಿಯಲ್ಲಿ ಹಿಡಿಯುವುದನ್ನು ಬಿಡಿ. ಅಂಗೈ ತೆರೆದು, ಬೆರಳ ತುದಿಯಿಂದ ನೇರ ಕೆಳಗೆ ಎಳೆಯಿರಿ. ಸ್ಪ್ರಿಂಗ್ ತಾನೇ ಲಿವರ್ ಅನ್ನು ನಡುವಿನ ಸಾಲಿಗೆ ತರುತ್ತದೆ.

ಕೊನೆಯ ಗೇರ್‌ನಲ್ಲೇ ಲಿಮಿಟರ್

ಸ್ಟ್ರೇಟ್ ಮುಗಿಯುವ ಮೊದಲೇ ಆರನೇ ಗೇರ್ ಲಿಮಿಟರ್‌ಗೆ ತಗುಲಿದರೆ ಕೈಯ ತಪ್ಪು ಇಲ್ಲ. ಫೈನಲ್ ಡ್ರೈವ್ (ಎಲ್ಲ ಗೇರ್‌ಗಳಿಗೂ ಒಟ್ಟಾಗಿ ಅನ್ವಯಿಸುವ ಕೊನೆಯ ಅನುಪಾತ) ಬದಲಿಸುವ ಅವಕಾಶ ಕಾರಿಗಿದ್ದರೆ ಒಂದು ಹಂತ ಉದ್ದದ ಗೇರಿಂಗ್ ಹಾಕಿ, ಅಂದರೆ ಅಂಕಿ ಚಿಕ್ಕದು. ಒಂಟಿಯಾಗಿ ಓಡುವಾಗ ಲಿಮಿಟರ್‌ಗೆ ನೂರಿನ್ನೂರು ಆರ್‌ಪಿಎಂ ಉಳಿಯಬೇಕು. ರೇಸ್‌ನಲ್ಲಿ ಮುಂದಿನ ಕಾರಿನ ಗಾಳಿಯ ನೆರಳಿಗೆ ಸಿಕ್ಕಾಗ ಆ ಉಳಿದದ್ದೇ ಬೇಕಾಗುತ್ತದೆ. ಫೈನಲ್ ಡ್ರೈವ್ ಬದಲಾದರೂ ಗೇರ್‌ಗಳ ನಡುವಿನ ಅನುಪಾತ ಬದಲಾಗುವುದಿಲ್ಲ. ಆದ್ದರಿಂದ ಮೇಲೆ ಲೆಕ್ಕ ಹಾಕಿದ ಜಾಗಗಳು ಹಾಗೇ ಇರುತ್ತವೆ. ರೆವ್ಸ್ ಏರುವ ವೇಗ ಮಾತ್ರ ತುಸು ಕಡಿಮೆಯಾಗುತ್ತದೆ, ದೀಪದ ಅಂಕಿಯನ್ನು ಇನ್ನೊಮ್ಮೆ ನೋಡಿಕೊಳ್ಳಿ.